ಮೊದಲು ಅಟ್ಟ, ಆಮೇಲೆ ಕಾರು

ಹಳೆ ಮನೆಯ ಅಟ್ಟವನ್ನು ಕೋಣೆ ಮಾಡಿಕೊಳ್ಳುವ ಯೋಚನೆಯೂ ಇಂಧನ ಕಡಿಮೆ ಕುಡಿಯುವ ಕಾರು ಕೊಳ್ಳುವ ಯೋಚನೆಯೂ ಒಂದೇ ವರ್ಷ ಬಂದರೆ, ಬಹುತೇಕ ಮನೆಗಳಲ್ಲಿ ಕಾರೇ ಮೊದಲು ಬಾಗಿಲಿಗೆ ಬಂದು ನಿಲ್ಲುತ್ತದೆ. ಅದನ್ನು ಒಂದೇ ದಿನದಲ್ಲಿ ಮನೆಗೆ ತರಬಹುದು, ಅಟ್ಟದ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ಆದರೂ ಕಾರನ್ನು ಆರು ತಿಂಗಳು ಮುಂದೂಡುವುದೇ ಸರಿ. ಸೋರುವ ಮಾಡಿನ ಕೆಳಗಿರುವ ತೊಲೆ ಆರು ತಿಂಗಳು ಕಾಯುವುದಿಲ್ಲ, ಅಟ್ಟ ಬಿಚ್ಚಿದ ಮೇಲೆ ಖರ್ಚು ಅಂದಾಜಿನ ಒಳಗೇ ನಿಲ್ಲುವುದೂ ಅಪರೂಪ. ಇನ್ನೊಂದು ಕಾರಣವೂ ಇದೆ. ಕೆಲಸ ನಡೆಯುವಾಗ ಕೊಂಡ ಕಾರು ಕೆಲಸದ ಸಾಮಾನಿನ ಅಳತೆಗೆ ಆಯ್ಕೆಯಾಗುತ್ತದೆ. ಪ್ಲೈವುಡ್ ಹಿಡಿಸಬೇಕು, ಸಿಮೆಂಟ್ ಮೂಟೆ ತರಬೇಕು ಎಂದುಕೊಂಡು ಬೇಕಾದ್ದಕ್ಕಿಂತ ದೊಡ್ಡ, ಭಾರದ ಗಾಡಿ ಕೊಂಡು, ಕೆಲಸ ಮುಗಿದ ಮೇಲೂ ಹತ್ತು ವರ್ಷ ಆ ಭಾರಕ್ಕೆ ಇಂಧನ ಸುಡಬೇಕಾಗುತ್ತದೆ.

ಮೇಲೆ ಹತ್ತಿ ನೋಡುವುದು

ಒಳ್ಳೆ ಟಾರ್ಚು, ಚೂಪಾದ ಸ್ಕ್ರೂಡ್ರೈವರ್, ಅಳತೆ ಟೇಪು, ಸೀಮೆಸುಣ್ಣ ಸಾಕು. ಮರದ ತೇವ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾಲಿಡುವುದು ಜಂತೆಯ ಮೇಲೆ ಮಾತ್ರ, ಅಥವಾ ಕನಿಷ್ಠ ಮೂರು ಜಂತೆಗೆ ಅಡ್ಡ ಹಾಕಿದ ಹಲಗೆಯ ಮೇಲೆ. ಕೆಳಗಿನ ಕೋಣೆಯ ಸೀಲಿಂಗ್ ಮನುಷ್ಯನ ಭಾರ ತಡೆಯುವುದಕ್ಕೆ ಮಾಡಿದ್ದಲ್ಲ. ಬಿಸಿಲು ಏರಿದ ಮೇಲೆ ಮಾಡಿನ ಕೆಳಗೆ 50 ಡಿಗ್ರಿ ದಾಟುವುದುಂಟು. ಹಾಗಾಗಿ ಬೆಳಿಗ್ಗೆಯೇ ಹತ್ತಿ ಇಳಿಯಬೇಕು.

ಟಾರ್ಚು ಆರಿಸಿ ಸ್ವಲ್ಪ ಹೊತ್ತು ಕತ್ತಲಲ್ಲಿ ಕೂತರೆ ಬೆಳಕು ತೂರುವ ಸಂದುಗಳು ಕಾಣುತ್ತವೆ. ಅವಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆದರೆ ಬೆಳಕು ಬಂದ ಕಡೆಯೆಲ್ಲ ನೀರು ಬರುತ್ತದೆ ಎಂದೇನೂ ಇಲ್ಲ. ಹೆಂಚುಗಳು ಒಂದರ ಮೇಲೊಂದು ಏರಿ ಕೂತಿರುವ ಕಡೆ ಬೆಳಕು ಕಂಡರೂ ಮಳೆ ಒಳಗೆ ಬೀಳದಿರಬಹುದು. ನೀರು ನುಗ್ಗಿದ ಜಾಗವೂ ತೊಟ್ಟಿಕ್ಕುವ ಜಾಗವೂ ಒಂದೇ ಆಗಿರುವುದು ಕಡಿಮೆ. ಪಕಾಸಿನ (ಮಾಡು ಹೊರುವ ಇಳಿಜಾರು ಮರದ) ಮೈಮೇಲೆ ಎಷ್ಟೋ ಅಡಿ ಜಾರಿ ಬಂದು, ಮೊಳೆಯೋ ಗಂಟೋ ಅಡ್ಡ ಸಿಕ್ಕ ಕಡೆ ಅದು ಹನಿಯುತ್ತದೆ. ಆದ್ದರಿಂದ ಕಲೆಯಿಂದ ಶುರುಮಾಡಿ ಇಳಿಜಾರಿನ ಮೇಲ್ಭಾಗದ ಕಡೆಗೆ ಹುಡುಕಬೇಕು. ಮಾಡು ಗೋಡೆಗೆ ಸೇರುವ ಅಂಚು, ಎರಡು ಇಳಿಜಾರು ಕೂಡುವ ಒಳಮೂಲೆ, ಹೊಗೆಕೊಳವೆ ಮತ್ತು ಪೈಪು ಮೇಲೇಳುವ ಜಾಗ ಇವನ್ನು ಮೊದಲು ನೋಡಿ. ಅನುಮಾನ ಉಳಿದರೆ ಒಬ್ಬರು ಮಾಡಿನ ಮೇಲೆ ಪೈಪಿನಿಂದ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ನೋಡಬೇಕು. ಸೂರಿನ ಕಡೆಯಿಂದ ಶುರುಮಾಡಿ, ಒಂದೊಂದು ಭಾಗಕ್ಕೆ 10ರಿಂದ 15 ನಿಮಿಷ ನೀರು ಬಿಟ್ಟು, ಸ್ವಲ್ಪ ಸ್ವಲ್ಪ ಮೇಲೆ ಹೋಗಬೇಕು. ನೆತ್ತಿಯಿಂದ ಶುರುಮಾಡಿದರೆ ಇಡೀ ಮಾಡು ಒಮ್ಮೆಲೇ ಒದ್ದೆಯಾಗಿ, ಸೋರಿದ್ದು ಎಲ್ಲಿಂದ ಎಂದು ತಿಳಿಯುವುದೇ ಇಲ್ಲ.

ಮರವನ್ನು ನೋಡುವಾಗ ನಡುಭಾಗಕ್ಕಿಂತ ತುದಿಗಳಿಗೆ ಹೆಚ್ಚು ಸಮಯ ಕೊಡಿ. ತೊಲೆ ಗೋಡೆಯೊಳಗೆ ಕೂತಿರುವ ತುದಿ ಗೋಡೆಯ ತೇವ ಹೀರಿ, ಗಾಳಿಯಿಲ್ಲದೆ ಕೊಳೆಯುತ್ತದೆ. ಹೊರಗೆ ಗಟ್ಟಿಯಾಗಿ ಕಂಡ ತೊಲೆಗೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಬೆರಳುದ್ದ ಒಳಗೆ ಹೋಗಬಹುದು. ಗಟ್ಟಿ ಮರಕ್ಕೆ ಕೈಯಿಂದ ಒತ್ತಿದರೆ ಒಂದೆರಡು ಮಿಲಿಮೀಟರ್ ಗುರುತು ಬಿದ್ದರೆ ಹೆಚ್ಚು. ಮೀಟರಿನಲ್ಲಿ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಹೊಸದಾಗಿ ಹರಡುವುದಿಲ್ಲ. ಅದಕ್ಕಿಂತ ಮೇಲಿದ್ದರೆ ನೀರಿನ ಮೂಲ ಇನ್ನೂ ನಿಂತಿಲ್ಲ ಎಂದೇ ಲೆಕ್ಕ.

ಹುಳುವಿನ ಬಗೆಯನ್ನು ಪುಡಿಯಿಂದ ಗುರುತಿಸಬಹುದು. ಗೋಡೆಯಿಂದ ಮರಕ್ಕೆ ಹತ್ತಿದ ಮಣ್ಣಿನ ಸುರಂಗ ಕಂಡರೆ ನೆಲದಿಂದ ಬಂದ ಗೆದ್ದಲು. ಸಣ್ಣ ದುಂಡು ತೂತು, ಕೆಳಗೆ ಹಿಟ್ಟಿನಂಥ ನುಣುಪು ಪುಡಿ ಇದ್ದರೆ ಕುಟ್ಟೆಹುಳು. ಪುಡಿ ಮರಳಿನಂತೆ ಹರಳು ಹರಳಾಗಿ ಗುಡ್ಡೆ ಬಿದ್ದಿದ್ದರೆ ಒಣಮರದಲ್ಲೇ ಬದುಕುವ ಗೆದ್ದಲು. ಇವುಗಳ ಮದ್ದು ಒಂದೇ ಅಲ್ಲ. ನೆಲದ ಗೆದ್ದಲಿಗೆ ಅಟ್ಟದಲ್ಲಿ ಎಷ್ಟು ಸಿಂಪಡಿಸಿದರೂ ಪ್ರಯೋಜನವಿಲ್ಲ, ಬುಡದಲ್ಲೇ ತಡೆಯಬೇಕು. ಕುಟ್ಟೆಹುಳುವಿಗೆ ಬೋರೇಟ್ ದ್ರಾವಣ ಕೆಲಸ ಮಾಡುತ್ತದೆ, ಆದರೆ ಬಣ್ಣ, ವಾರ್ನಿಶ್ ಇಲ್ಲದ ಬರಿಮರಕ್ಕೆ ಹಚ್ಚಿದರೆ ಮಾತ್ರ. ನೀರು ಬಿದ್ದರೆ ಬೋರೇಟ್ ತೊಳೆದುಹೋಗುವುದರಿಂದ ಸೋರಿಕೆ ನಿಲ್ಲಿಸಿದ ಮೇಲೆಯೇ ಹಚ್ಚಬೇಕು. ತೂತು ಹಳೆಯದೋ ಹುಳು ಇನ್ನೂ ಒಳಗಿದೆಯೋ ತಿಳಿಯಲು ಪುಡಿ ಗುಡಿಸಿ, ಕೆಳಗೆ ಕಪ್ಪು ಕಾಗದ ಅಂಟಿಸಿ ಕೆಲವು ವಾರ ಬಿಡಿ. ಹೊಸ ಪುಡಿ ಬಿದ್ದರೆ ಒಳಗೆ ಜೀವ ಇದೆ.

ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು, ಅಥವಾ ಪದರ ಪದರವಾದ ಬೂದು ಹರಳಿನಂಥ ವರ್ಮಿಕ್ಯುಲೈಟ್ ತುಂಬಿದ್ದು ಕಂಡರೆ ಅದನ್ನು ಕೆದಕದೆ ಇಳಿದುಬಿಡಿ. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುವವರೆಗೆ ಮುರಿಯುವುದು, ಡ್ರಿಲ್ ಮಾಡುವುದು, ಗುಡಿಸುವುದು ಯಾವುದೂ ಬೇಡ. ಬಾವಲಿ ಹಿಕ್ಕೆಯನ್ನೂ ಒಣಗಿದ್ದಾಗ ಗುಡಿಸಬಾರದು, ಅದರ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗಲಬಹುದು. ನೀರು ಸಿಂಪಡಿಸಿ, ಮಾಸ್ಕ್ ಹಾಕಿಕೊಂಡು ಬಳಿದು ತೆಗೆಯಬೇಕು. ಬಾವಲಿಯನ್ನೇ ಓಡಿಸುವ ಮೊದಲು ಕಾನೂನು ಕೇಳಿಕೊಳ್ಳಿ, ಹಲವು ದೇಶಗಳಲ್ಲಿ ಅದಕ್ಕೆ ರಕ್ಷಣೆ ಇದೆ.

ಭಾರದ ಲೆಕ್ಕ

ಅಟ್ಟವನ್ನು ಕೋಣೆ ಮಾಡುವವರು ಎಡವುವುದು ಇಲ್ಲೇ. ಹಳೆಯ ಪಾತ್ರೆ, ಟ್ರಂಕು ಇಡುವುದಕ್ಕೆ ಹಾಕಿದ ಜಂತೆ ಬೇರೆ, ಮಂಚ, ಪುಸ್ತಕದ ಕಪಾಟು, ನಾಲ್ಕು ಜನರ ಓಡಾಟ ಹೊರುವ ಜಂತೆ ಬೇರೆ. ಸಾಮಾನು ಇಡುವ ಅಟ್ಟಕ್ಕೆ ಚದರ ಮೀಟರಿಗೆ 100 ಕೆ.ಜಿ. ಆಸುಪಾಸು ಹಿಡಿದರೆ, ವಾಸದ ಕೋಣೆಗೆ 150ರಿಂದ 200 ಕೆ.ಜಿ. ಹಿಡಿಯುತ್ತಾರೆ. ನೆಲದ ಹಲಗೆ, ಗೋಡೆಯ ಬೋರ್ಡು ಇವುಗಳ ಸ್ವಂತ ಭಾರ ಅದರ ಮೇಲೆ. ಸಾವಿರ ಲೀಟರಿನ ನೀರಿನ ಟ್ಯಾಂಕು ಮೇಲೆಯೇ ಇದ್ದರೆ ಒಂದು ಟನ್ ಭಾರ ಒಂದೇ ಕಡೆ ಕೂತಿದೆ ಎಂದರ್ಥ. ಅದು ಗೋಡೆಯ ನೆತ್ತಿಯ ಮೇಲೆ ಇರಬೇಕೇ ಹೊರತು ಜಂತೆಯ ನಡುವೆ ಅಲ್ಲ.

ಜಂತೆ ಸಾಲದಿದ್ದರೆ ಪಕ್ಕಕ್ಕೆ ಇನ್ನೊಂದು ಜೋಡಿಸುವುದು ರೂಢಿ. ಅದೇ ಎತ್ತರದ ಜೋಡಿ ಹಾಕಿದರೆ ಬಿಗಿ ಎರಡು ಪಟ್ಟಾಗುತ್ತದೆ, ಅಷ್ಟೆ. ಎತ್ತರ ಹೆಚ್ಚಿಸಿದರೆ ಲಾಭ ಬಹಳ ದೊಡ್ಡದು, ಏಕೆಂದರೆ ಬಿಗಿ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ದಪ್ಪದ ಮರ 100 ಮಿ.ಮೀ. ಎತ್ತರದಿಂದ 150ಕ್ಕೆ ಹೋದರೆ ಸುಮಾರು 3.4 ಪಟ್ಟು ಬಿಗಿ. ತಲೆಗೆ ಜಾಗ ಇರುವ ಕಡೆ ಎತ್ತರದ ಮರ ಹಾಕುವುದೇ ಜಾಣತನ. ಹೊಸ ಜಂತೆ ಎರಡೂ ತುದಿಯಲ್ಲಿ ಗೋಡೆಯ ಮೇಲೆ ಕೂರಬೇಕು. ಒಳಗೆ ತೂರಿಸಲು ಆಗಲಿಲ್ಲ ಎಂದು ಬಡಗಿ ಒಂದಡಿ ಮೊದಲೇ ಕತ್ತರಿಸಿ ಬೋಲ್ಟ್ ಹಾಕಿದರೆ ಇಡೀ ಭಾರ ಕೊನೆಗೆ ಆ ಹಳೆಯ ತುದಿಯ ಮೇಲೆಯೇ ಬೀಳುತ್ತದೆ, ಕೊಳೆತಿರುವುದೂ ಆ ತುದಿಯೇ. ಬಾಗಿದ ಜಂತೆಯನ್ನು ಜಾಕಿಯಿಂದ ಎತ್ತುವುದಾದರೆ ದಿನಕ್ಕೆ ಎರಡು ಮೂರು ಮಿಲಿಮೀಟರ್ ಸಾಕು. ಒಮ್ಮೆಲೇ ಎತ್ತಿದರೆ ಕೆಳಗಿನ ಗಾರೆ ಬಿರಿಯುತ್ತದೆ.

ಇನ್ನು ತಲೆಗೆ ಬಡಿಯುವ ಅಡ್ಡತೊಲೆ. ಓಡಾಡಲು ಅಡ್ಡ ಬರುತ್ತದೆಂದು ಅದನ್ನು ಕತ್ತರಿಸಿದ ಮನೆಗಳಿವೆ. ಎರಡು ಕಡೆಯ ಪಕಾಸುಗಳು ಹೊರಕ್ಕೆ ಒದೆಯುವ ಬಲವನ್ನು ಹಿಡಿದಿಟ್ಟಿರುವುದು ಆ ತೊಲೆ. ತೆಗೆದ ಮಾರನೆ ದಿನ ಏನೂ ಆಗುವುದಿಲ್ಲ, ಅಪಾಯ ಇರುವುದೇ ಅದರಲ್ಲಿ. ಒಂದೆರಡು ಮಳೆಗಾಲ ಕಳೆದ ಮೇಲೆ ಮಾಡಿನ ನೆತ್ತಿ ತಗ್ಗುತ್ತದೆ, ಗೋಡೆಯ ಮೇಲ್ತುದಿ ಹೊರಕ್ಕೆ ವಾಲುತ್ತದೆ. ಅಡ್ಡತೊಲೆಯನ್ನು ಮೇಲಕ್ಕೆ ಸರಿಸುವ ಉಪಾಯವಿದೆ, ಆದರೆ ಮೇಲೆ ಹೋದಷ್ಟೂ ಅದರ ಹಿಡಿತ ಕಡಿಮೆ. ಈ ಒಂದು ವಿಷಯದಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಇಲ್ಲದೆ ಗರಗಸ ಮುಟ್ಟಬಾರದು. ಗೋಡೆ ಈಗಾಗಲೇ ವಾಲಿದೆಯೇ ಎಂದು ತೂಗುಗುಂಡು ಬಿಟ್ಟು ನೋಡುವುದಂತೂ ಯಾರಿಗಾದರೂ ಆಗುವ ಕೆಲಸ.

ನಿಂತು ಓಡಾಡಲು 2.1 ಮೀಟರ್ ಎತ್ತರ ನೆಲದ ಅರ್ಧ ಭಾಗಕ್ಕಾದರೂ ಸಿಗದಿದ್ದರೆ ಕೋಣೆಯ ಆಸೆ ಬಿಟ್ಟು ಒಳ್ಳೆ ಉಗ್ರಾಣ ಮಾಡಿಕೊಳ್ಳಿ. ಎತ್ತರ ಅಳೆಯುವಾಗ ನೆಲದ ಹಲಗೆ, ಮೇಲಿನ ಬೋರ್ಡು, ಶಾಖ ತಡೆಯುವ ಪದರ ಎಲ್ಲ ಸೇರಿ 150ರಿಂದ 250 ಮಿ.ಮೀ. ಕಳೆಯಬೇಕು. ಮೆಟ್ಟಿಲಿಗೂ ಇದೇ ಎಚ್ಚರ. ಒಂದು ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅದರ ಮೇಲೆ ಪಾದ ಊರುವ ಜಾಗದ ಆಳ ಕೂಡಿಸಿದರೆ 600 ಮಿ.ಮೀ. ಆಸುಪಾಸು ಬಂದರೆ ಕಾಲಿಗೆ ಸುಖ. ಏಣಿ ಇಟ್ಟ ಅಟ್ಟದಲ್ಲಿ ಯಾರೂ ಮಲಗಬಾರದು. ಕೆಳಗೆ ಬೆಂಕಿ ಬಿದ್ದರೆ ಹೊಗೆ ಮೊದಲು ತುಂಬುವುದು ಅಲ್ಲೇ, ಆದ್ದರಿಂದ ಹೊಗೆ ಅಲಾರಂ ಮತ್ತು ಮನುಷ್ಯ ನುಸುಳುವಷ್ಟು ದೊಡ್ಡ ಕಿಟಕಿ ಎರಡೂ ಬೇಕು.

ಶಾಖ, ಗಾಳಿ, ತೇವ

ಕೆಲಸದ ಸರದಿ ಹೀಗೆ: ಸೋರಿಕೆ, ಮರ, ವೈರಿಂಗ್, ಸಂದು ಮುಚ್ಚುವುದು, ಗಾಳಿದಾರಿ, ಶಾಖ ತಡೆಯುವ ಪದರ, ಕೊನೆಗೆ ಬೋರ್ಡು. ವೈರಿಂಗನ್ನು ಕೊನೆಗೆ ಬಿಟ್ಟರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಹಳೆಯ ರಬ್ಬರು, ಬಟ್ಟೆ ಸುತ್ತಿದ ವೈರು ಮುಟ್ಟಿದರೆ ಪುಡಿಯಾಗುತ್ತಿದ್ದರೆ ಪೂರ್ತಿ ಬದಲಿಸಿ. ಒಳ್ಳೆಯ ವೈರನ್ನೂ ಉಣ್ಣೆಯಂಥ ಪದರದೊಳಗೆ ಹೂತರೆ ಅದರ ಶಾಖ ಹೊರಹೋಗದೆ, ಮೊದಲಿನಷ್ಟು ಕರೆಂಟು ಹೊರಲಾರದು. ಒಂದು ದಪ್ಪ ಮೇಲಿನ ವೈರು ಹಾಕಬೇಕು, ಇಲ್ಲವೇ ಪದರದ ಹೊರಗೆ ಓಡಿಸಬೇಕು. ಸೀಲಿಂಗಿಗೆ ಹೂತ ಹಳೆಯ ಬಲ್ಬುಗಳ ಮೇಲೆ ಪದರ ಮುಚ್ಚುವುದು ಬೆಂಕಿಗೆ ಆಹ್ವಾನ.

ಸಂದು ಮುಚ್ಚುವ ಕೆಲಸ ಅಗ್ಗದ್ದು, ಅದನ್ನು ಬಿಟ್ಟುಬಿಡುವವರೇ ಹೆಚ್ಚು. ಪೈಪು, ವೈರು ತೂರಿದ ತೂತು, ಗೋಡೆಯ ತಲೆ, ಅಟ್ಟದ ಬಾಗಿಲಿನ ಅಂಚು ಇವನ್ನು ಸೀಲಂಟ್, ಫೋಮ್, ರಬ್ಬರ್ ಪಟ್ಟಿಯಿಂದ ಮುಚ್ಚದೆ ಮೇಲೆ ಎಷ್ಟು ಉಣ್ಣೆ ಹಾಸಿದರೂ ಗಾಳಿ ಅದರ ಎಳೆಗಳ ನಡುವೆ ನುಸುಳಿಹೋಗುತ್ತದೆ. ಹೊಗೆಕೊಳವೆಯ ಸುತ್ತ ಮಾತ್ರ ಫೋಮ್ ಬೇಡ, ತಗಡು ಮತ್ತು ಶಾಖ ತಡೆಯುವ ಸೀಲಂಟ್ ಬಳಸಬೇಕು.

ಪದರದ ಶಕ್ತಿ ತಿಳಿಯಲು ದಪ್ಪವನ್ನು ಮೀಟರಿನಲ್ಲಿ ಬರೆದು, ಆ ವಸ್ತುವಿನ ಶಾಖವಾಹಕತೆಯಿಂದ ಭಾಗಿಸಿದರೆ ಆಯಿತು. ಗಾಜಿನ ಉಣ್ಣೆ, ಕಲ್ಲುಣ್ಣೆಯ ವಾಹಕತೆ 0.035ರಿಂದ 0.040. ಅಂದರೆ 200 ಮಿ.ಮೀ. ಹಾಸಿದರೆ ತಡೆ ಸುಮಾರು 5. ಎತ್ತರ ಕಡಿಮೆ ಇರುವ ಇಳಿಜಾರಿಗೆ ಪಿಐಆರ್ ಎಂಬ ಗಟ್ಟಿ ಫೋಮಿನ ಬೋರ್ಡು ಒಳ್ಳೆಯದು. ಅದರ ವಾಹಕತೆ 0.022ರ ಆಸುಪಾಸು ಇರುವುದರಿಂದ ಅಷ್ಟೇ ತಡೆ 110 ಮಿ.ಮೀ.ನಲ್ಲಿ ಸಿಗುತ್ತದೆ. 200ರ ಉಣ್ಣೆಯನ್ನು 100ರ ಜಾಗಕ್ಕೆ ತುರುಕುವುದು ದುಡ್ಡು ದಂಡ, ದಪ್ಪ ಕಳೆದುಕೊಂಡ ಉಣ್ಣೆ ತಡೆಯನ್ನೂ ಕಳೆದುಕೊಳ್ಳುತ್ತದೆ. ಮಿಂಚುವ ಅಲ್ಯೂಮಿನಿಯಂ ಹಾಳೆ ಬಿಸಿಲಿನ ಮಾಡಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಮಿಂಚುವ ಮುಖದ ಎದುರು 20–25 ಮಿ.ಮೀ. ಗಾಳಿಯ ಜಾಗ ಬೇಕೇ ಬೇಕು. ಹಲಗೆಗೆ ಒತ್ತಿ ಅಂಟಿಸಿದರೆ ಅದು ಬರೀ ಲೋಹದ ಹಾಳೆ, ಶಾಖ ನೇರ ದಾಟುತ್ತದೆ. ಮುಖ ಕೆಳಕ್ಕೆ ಇದ್ದರೆ ಧೂಳು ಕೂರುವುದಿಲ್ಲ.

ಪದರಕ್ಕೂ ಮಾಡಿಗೂ ನಡುವೆ ಸೂರಿನಿಂದ ನೆತ್ತಿಯವರೆಗೆ 50 ಮಿ.ಮೀ. ದಾರಿ ಬಿಟ್ಟರೆ ಕೆಳಗಿನ ಗಾಳಿ ಮೇಲೇರಿ ಬಿಸಿಯನ್ನೂ ತೇವವನ್ನೂ ಹೊತ್ತೊಯ್ಯುತ್ತದೆ. ಗಾಳಿಕಂಡಿಗಳ ಒಟ್ಟು ವಿಸ್ತೀರ್ಣ ನೆಲದ 300ನೇ ಒಂದು ಭಾಗದಷ್ಟಾದರೂ ಇರಲಿ, 150ನೇ ಒಂದು ಭಾಗ ಸಿಕ್ಕರೆ ಇನ್ನೂ ಒಳ್ಳೆಯದು. 30 ಚದರ ಮೀಟರ್ ಅಟ್ಟಕ್ಕೆ ಅದು 0.1ರಿಂದ 0.2 ಚದರ ಮೀಟರ್, ಅರ್ಧ ಸೂರಿನಲ್ಲಿ, ಅರ್ಧ ನೆತ್ತಿಯಲ್ಲಿ. ಹುಳು ಬಾರದಂತೆ ಜಾಲರಿ ಹಾಕಿದರೆ ತೆರೆದ ಜಾಗ ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ನಾನದಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆ ಅಟ್ಟದೊಳಗೇ ಕೊನೆಯಾಗಿದ್ದರೆ ಅದನ್ನು ಮಾಡಿನ ಹೊರಗೆ ಒಯ್ಯುವುದು ಮೊದಲ ಕೆಲಸ.

ತೇವ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಎಲ್ಲಿ ಹಾಕಬೇಕೆಂಬುದು ಹವೆಯನ್ನು ಅವಲಂಬಿಸಿದೆ. ಚಳಿಯ ಕಡೆ ಕೋಣೆಯ ಒಳಮುಖಕ್ಕೆ ಹಾಕುತ್ತಾರೆ, ಒಳಗಿನ ಬೆಚ್ಚಗಿನ ತೇವ ಹೊರಗಿನ ತಣ್ಣನೆ ಮರ ಮುಟ್ಟದಿರಲಿ ಎಂದು. ಸೆಕೆಯ ಕಡೆ ಎಸಿ ಹಾಕಿದ ಕೋಣೆಗೆ ಅದನ್ನೇ ನಕಲು ಮಾಡಿದರೆ, ಹೊರಗಿನ ತೇವ ಒಳಬಂದು ತಣ್ಣಗಿರುವ ಆ ಹಾಳೆಯ ಹಿಂದೆ ನೀರಾಗಿ ನಿಲ್ಲುತ್ತದೆ. ಬೋರ್ಡಿನ ಹಿಂದೆ ಬೂಸ್ಟು ಹಿಡಿಯುವುದು ಹೀಗೆ.

ನೆಲಕ್ಕೆ 400 ಮಿ.ಮೀ. ಅಂತರದ ಜಂತೆಯ ಮೇಲೆ 18 ಮಿ.ಮೀ. ಪ್ಲೈವುಡ್ ಸಾಕು. ಹಾಳೆಗಳ ನಡುವೆ 3 ಮಿ.ಮೀ. ಸಂದು ಬಿಡಿ, ಅಂಚಿಗೆ 150 ಮಿ.ಮೀ.ಗೊಂದು, ನಡುವೆ 300ಕ್ಕೊಂದು ಸ್ಕ್ರೂ ಹಾಕಿ. ಮೊಳೆ ಹೊಡೆದ ನೆಲ ಒಂದೆರಡು ವರ್ಷದಲ್ಲಿ ಕಿರುಗುಟ್ಟಲು ಶುರುಮಾಡುತ್ತದೆ. ಹಾಳೆ ಮೇಲೆ ಏರುತ್ತದೆಯೇ ಎಂದು ತರುವ ಮೊದಲೇ ಬಾಗಿಲು ಅಳೆಯಿರಿ. ಅಟ್ಟದ ಬಾಯಿಗೆ 1220 ಮಿ.ಮೀ. ಹಾಳೆ ತೂರದೆ, ಅಂಗಳದಲ್ಲೇ ಸೀಳಿಕೊಂಡು ಒಯ್ಯುವುದು ಸಾಮಾನ್ಯ.

ಈಗ ಕಾರು

18 ಮಿ.ಮೀ. ಪ್ಲೈವುಡ್ಡಿನ 2440×1220 ಹಾಳೆ ಒಂದಕ್ಕೆ ಸುಮಾರು 35 ಕೆ.ಜಿ. ಭಾರ. ಸಣ್ಣ ಕಾರುಗಳ ಮಾಡಿನ ಮೇಲೆ ಹೊರಬಹುದಾದ ಮಿತಿ ಬಹಳ ಸಲ 50ರಿಂದ 75 ಕೆ.ಜಿ., ಅಂದರೆ ಒಂದೆರಡು ಹಾಳೆ. ಸಾಮಾನು ತರುವುದಕ್ಕೆ ಬಾಡಿಗೆ ಗಾಡಿ ಹಿಡಿಯಿರಿ, ಕಾರನ್ನು ದಿನನಿತ್ಯದ ಓಡಾಟಕ್ಕೆ ಆರಿಸಿ.

ಮೈಲೇಜಿನ ಅಂಕಿ ನಮ್ಮನ್ನು ಮೋಸಗೊಳಿಸುವ ರೀತಿ ವಿಚಿತ್ರ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಲೀಟರಿಗೆ 15 ಕಿ.ಮೀ. ಕೊಡುವ ಕಾರು 800 ಲೀಟರ್ ಕುಡಿಯುತ್ತದೆ. 20 ಕೊಡುವುದು 600, 25 ಕೊಡುವುದು 480, 30 ಕೊಡುವುದು 400. ಪ್ರತಿ ಸಲ ಐದೈದೇ ಏರಿದರೂ ಉಳಿತಾಯ ಮೊದಲು 200 ಲೀಟರ್, ಆಮೇಲೆ 120, ಆಮೇಲೆ 80. ಹೀರುಕುಡುಕ ಹಳೆ ಗಾಡಿ ಬಿಟ್ಟು ಸಾಧಾರಣ ಗಾಡಿಗೆ ಬಂದರೆ ಸಿಗುವ ಲಾಭ ಒಳ್ಳೆಯದರಿಂದ ಅತ್ಯುತ್ತಮಕ್ಕೆ ಹಾರಿದರೆ ಸಿಗುವುದಿಲ್ಲ. ಆದ್ದರಿಂದ ಹೋಲಿಸುವಾಗ ಯಾವಾಗಲೂ ವರ್ಷಕ್ಕೆ ಎಷ್ಟು ಲೀಟರ್ ಎಂದೇ ಬರೆದುಕೊಳ್ಳಿ. ದುಬಾರಿ ಮಾದರಿಗೆ ಕೊಡುವ ಹೆಚ್ಚುವರಿ ದುಡ್ಡನ್ನು, ವರ್ಷಕ್ಕೆ ಉಳಿಯುವ ಲೀಟರುಗಳ ಒಟ್ಟು ಬೆಲೆಯಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹೊಂದುತ್ತದೆಂದು ತಿಳಿಯುತ್ತದೆ. ಕಾರು ಇಟ್ಟುಕೊಳ್ಳುವ ವರ್ಷಗಳಿಗಿಂತ ಅದು ದೊಡ್ಡದಾಗಿ ಬಂದರೆ ಅಲ್ಲಿಗೆ ಮಾತು ಮುಗಿಯಿತು.

ಕಂಪನಿ ಹೇಳುವ ಅಂಕಿ ರೋಲರಿನ ಮೇಲೆ ಓಡಿಸಿ ಅಳೆದದ್ದು. ಯುರೋಪಿನಲ್ಲಿ 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷಾಕ್ರಮ ಹಳೆಯ ಎನ್‌ಇಡಿಸಿ ಕ್ರಮಕ್ಕಿಂತ ವಾಸ್ತವಕ್ಕೆ ಹತ್ತಿರ, ಆದರೂ ಅದರಲ್ಲಿ ಎಸಿ ಓಡುವುದಿಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಡುವ ಅಂಕಿಗಳಲ್ಲಿ ಎಸಿ, ಚಳಿ, ವೇಗದ ಓಟ ಲೆಕ್ಕಕ್ಕೆ ಬರುತ್ತವೆ. ಒಂದು ಕಾರಿನ ಒಂದು ಪರೀಕ್ಷೆಯ ಅಂಕಿಯನ್ನು ಇನ್ನೊಂದು ಕಾರಿನ ಇನ್ನೊಂದು ಪರೀಕ್ಷೆಯ ಅಂಕಿಗೆ ಹೋಲಿಸುವುದು ವ್ಯರ್ಥ. ಡೀಸೆಲ್ಲನ್ನೂ ಪೆಟ್ರೋಲನ್ನೂ ಲೀಟರಿಗೆ ಲೀಟರ್ ಹೋಲಿಸುವಾಗಲೂ ಎಚ್ಚರ ಬೇಕು, ಒಂದು ಲೀಟರ್ ಡೀಸೆಲ್ಲಿನಲ್ಲಿ ಶೇ. 10ಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ.

ಯಾವ ಬಗೆಯ ಎಂಜಿನ್ ಎಂಬುದನ್ನು ನಿಮ್ಮ ಓಡಾಟವೇ ತೀರ್ಮಾನಿಸಬೇಕು. ನಿಂತು ನಿಂತು ಸಾಗುವ ಪೇಟೆ ರಸ್ತೆಯಲ್ಲಿ ಎಂಜಿನ್ ಜೊತೆ ವಿದ್ಯುತ್ ಮೋಟರೂ ಕಾರು ಓಡಿಸುವ ಸ್ಟ್ರಾಂಗ್ ಹೈಬ್ರಿಡ್ ಗೆಲ್ಲುತ್ತದೆ, ಬ್ರೇಕು ಒತ್ತಿದಾಗ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುವುದೇ ಅದರ ಗುಟ್ಟು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಆ ಲಾಭ ಬಹಳ ಕಡಿಮೆ. ಮೈಲ್ಡ್ ಹೈಬ್ರಿಡ್ ಎಂಬ ಚೀಟಿ ಕಂಡು ಮರುಳಾಗಬೇಡಿ, ಅದರ ಮೋಟರು ಎಂಜಿನ್ನಿಗೆ ಒಂದಿಷ್ಟು ಕೈಜೋಡಿಸುತ್ತದೆ, ತಾನೊಂದೇ ಕಾರನ್ನು ಓಡಿಸಲಾರದು. ಪ್ಲಗ್-ಇನ್ ಹೈಬ್ರಿಡ್ ಕೊಂಡು ಚಾರ್ಜ್ ಮಾಡದಿದ್ದರೆ ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರು. ದಿನಕ್ಕೆ ನಾಲ್ಕೈದು ಕಿ.ಮೀ. ಓಡಾಡುವವರು ಹೊಸ ಡೀಸೆಲ್ ಕಾರು ಕೊಳ್ಳಲೇಬಾರದು. ಅದರ ಹೊಗೆಯ ಫಿಲ್ಟರ್ ಮಸಿಯನ್ನು ಸುಟ್ಟುಕೊಳ್ಳಲು ಬಿಸಿಯಾದ ಉದ್ದ ಓಟ ಬೇಕು, ಸಿಗದಿದ್ದರೆ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಚಾರ್ಜ್ ಮಾಡುವ ಸೌಕರ್ಯ ಇರುವವರು ಎಲೆಕ್ಟ್ರಿಕ್ ಕಾರನ್ನೂ ಲೆಕ್ಕಕ್ಕೆ ಸೇರಿಸಿ. ಹಾಗೆ ಮಾಡುವುದಾದರೆ ಅಟ್ಟಕ್ಕೆ ವೈರಿಂಗ್ ಎಳೆಯುವಾಗಲೇ ಚಾರ್ಜರಿನ ಪ್ರತ್ಯೇಕ ಲೈನನ್ನೂ ಎಳೆಸಿಬಿಡಬಹುದು.

ಟೆಸ್ಟ್ ಡ್ರೈವ್ ಕೇಳುವಾಗ ನಿಮ್ಮ ದಿನದ ದಾರಿಯಲ್ಲೇ, ಎಸಿ ಹಾಕಿ, ಜನ ಕೂರಿಸಿ ಓಡಿಸಿ. ಡ್ಯಾಶ್‌ಬೋರ್ಡಿನ ಮೈಲೇಜು ಬಹಳ ಸಲ ಒಂದಿಷ್ಟು ಹೆಚ್ಚೇ ತೋರಿಸುತ್ತದೆ. ನಿಜ ತಿಳಿಯಲು ಟ್ಯಾಂಕು ತುಂಬಿಸಿ ಪಂಪು ತಾನಾಗಿ ನಿಂತಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕೆಲವು ನೂರು ಕಿ.ಮೀ. ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ಭಾಗಿಸಬೇಕು. ಒಂದು ಸಲದ ಲೆಕ್ಕ ನಂಬಬೇಡಿ, ಮೂರು ನಾಲ್ಕು ಸಲದ ಸರಾಸರಿ ತೆಗೆಯಿರಿ.

ಕೊಂಡ ಮೇಲೆ ಮೈಲೇಜು ತಿನ್ನುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಗಂಟೆಗೆ 80ರಿಂದ 100 ಕಿ.ಮೀ.ಗೆ ಹೋದರೆ ಅದು ಒಂದೂವರೆ ಪಟ್ಟು ದಾಟುತ್ತದೆ. ಮಾಡಿನ ಮೇಲಿನ ಕ್ಯಾರಿಯರ್ ಖಾಲಿ ಇದ್ದರೂ ಗಾಳಿಯನ್ನು ತಡೆಯುತ್ತದೆ, ಅಟ್ಟದ ಕೆಲಸಕ್ಕೆಂದು ಹಾಕಿಸಿದ್ದರೆ ಬಿಚ್ಚಿಡಿ. ಡಿಕ್ಕಿಯಲ್ಲಿ ಉಳಿದ ಟೈಲ್ಸ್ ಪೆಟ್ಟಿಗೆಗಳೂ ಇಳಿಯಲಿ, 45 ಕೆ.ಜಿ. ಹೆಚ್ಚುವರಿ ಭಾರಕ್ಕೆ ಸುಮಾರು ಶೇ. 1ರಷ್ಟು ಇಂಧನ ಹೋಗುತ್ತದೆ. ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ, ಟೈರು ತಣ್ಣಗಿದ್ದಾಗ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ಆರಿಸಿ.

ಹೈಬ್ರಿಡ್ ಕೊಂಡವರು ಇನ್ನೊಂದು ನೆನಪಿಡಬೇಕು. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಹಿಂದಿನ ಸೀಟಿನ ಪಕ್ಕದ ಕಂಡಿಯಿಂದ ಒಳಗೆ ಹೋಗುತ್ತದೆ. ಉಣ್ಣೆಯ ಚೂರು, ಮರದ ಪುಡಿ, ಗಾರೆಯ ಧೂಳು ತುಂಬಿದ ಚೀಲಗಳನ್ನು ಅಲ್ಲಿ ಪೇರಿಸಿದರೆ ಕಂಡಿ ಮುಚ್ಚುತ್ತದೆ, ಫಿಲ್ಟರ್ ಕಟ್ಟುತ್ತದೆ, ಬ್ಯಾಟರಿ ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುತ್ತದೆ. ಹಳೆಯ ಹೈಬ್ರಿಡ್ ಕೊಳ್ಳುವಾಗಲೂ ಬಣ್ಣ ನೋಡುವ ಮೊದಲು ಆ ಫಿಲ್ಟರ್ ತೆಗೆಸಿ ನೋಡಿ.